ಶಿಬಿರದಿಂದ ಮನೆಗೆ: ಧ್ಯಾನ ದಿನದ ಕೆಲಸವಾದ ಬಗೆ

ವಿಪಶ್ಯನ ಅನ್ನುವ ಧ್ಯಾನದ ಶಿಬಿರಕ್ಕೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ. ಹತ್ತು ದಿನ ಮಾತಾಡದೆ ಹೇಗಿದ್ರಿ? ನಿಜ ಹೇಳಬೇಕೆಂದರೆ ಅದು ಅಷ್ಟು ಕಷ್ಟವಲ್ಲ. ಅಲ್ಲಿ ಗಂಟೆ ಹೊಡೆಯುವವರು ಬೇರೆ, ಅಡುಗೆ ಮಾಡುವವರು ಬೇರೆ. ನಮ್ಮ ಕೆಲಸ ಕೂತುಕೊಳ್ಳುವುದು ಮಾತ್ರ. ಕಷ್ಟ ಇರುವುದು ಮನೆಗೆ ಬಂದ ಮೇಲೆ. ಗ್ಯಾಸ್ ಬುಕ್ ಮಾಡಬೇಕು, ಡಬ್ಬಿ ಕಟ್ಟಬೇಕು, ಒಂಬತ್ತೂವರೆಗೆ ಆಫೀಸಿನಲ್ಲಿರಬೇಕು. ಅದರ ನಡುವೆ ಧ್ಯಾನಕ್ಕೆ ಜಾಗ ಎಲ್ಲಿದೆ ಅಂತ ಹುಡುಕುವುದೇ ದೊಡ್ಡ ಕೆಲಸ. ನನಗೆ ಅದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಹೊಸದಾಗಿ ಹೋಗುವವರಿಗೆ ಅನುಕೂಲವಾಗಲಿ ಅಂತ ಅರ್ಜಿಯಿಂದ ಹಿಡಿದು ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವಳು. ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಅಪ್ಪ ತೀರಿಕೊಂಡ ಮೇಲೆ ನನ್ನ ನಿದ್ದೆ ಕೆಟ್ಟುಹೋಯಿತು. ರಾತ್ರಿ ಎರಡೂವರೆ, ಮೂರಕ್ಕೆ ಎಚ್ಚರವಾಗುತ್ತಿತ್ತು. ಆಮೇಲೆ ಬೆಳಗಾಗುವ ತನಕ ಆಸ್ಪತ್ರೆಯ ಓಡಾಟವೇ ತಲೆಯಲ್ಲಿ ತಿರುಗುತ್ತಿತ್ತು. ಹಗಲಲ್ಲಿ ಮಗನ ಮೇಲೆ ಸಿಡುಕು. ಮೊದಲು ಡಾಕ್ಟರಿಗೆ ತೋರಿಸಿದೆ. ಥೈರಾಯ್ಡ್ ಮಾತ್ರೆ ಹಿಂದಿನಿಂದಲೂ ಇತ್ತು, ಅದರ ಡೋಸ್ ಸರಿ ಮಾಡಿದರು. ಸಂಜೆಯ ಕಾಫಿ ಬಿಡಿಸಿದರು. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಆಗ ಆಫೀಸಿನ ಗೆಳತಿಯೊಬ್ಬಳು ವಿಪಶ್ಯನ ಶಿಬಿರದ ವಿಷಯ ತೆಗೆದಳು. ಬೆಂಗಳೂರಿನ ಹತ್ತಿರ ಆಲೂರಿನಲ್ಲಿ ಧಮ್ಮ ಪಫುಲ್ಲ ಅಂತ ಕೇಂದ್ರ ಇದೆ. ಭಾರತದಲ್ಲಿ ವಿಪಶ್ಯನ ಕಲಿಸಿದ ಎಸ್. ಎನ್. ಗೋಯೆಂಕಾ ಅವರ ಪರಂಪರೆಯದು. ಮೊದಲ ಸಲ ಹೋಗುವವರು ಹತ್ತು ದಿನ ಅಲ್ಲೇ ಉಳಿದು ಕಲಿಯಬೇಕು.

ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು. ಹೆಸರು, ವಿಳಾಸದ ಭಾಗ ಬೇಗ ಮುಗಿಯುತ್ತದೆ. ನಿಂತು ಯೋಚಿಸಬೇಕಾದ್ದು ಆರೋಗ್ಯದ ಪ್ರಶ್ನೆಗಳ ಹತ್ತಿರ. ಯಾವ ಖಾಯಿಲೆ ಇದೆ, ಯಾವ ಮಾತ್ರೆ ತಗೋತೀರಿ, ಹಿಂದೆ ಮನಸ್ಸಿಗೆ ಸಂಬಂಧಪಟ್ಟ ತೊಂದರೆ ಇತ್ತಾ, ಯಾವುದಾದರೂ ಚಟ ಇದೆಯಾ, ಬೇರೆ ಧ್ಯಾನ ಅಥವಾ ರೇಕಿ ಮಾಡಿದ್ದೀರಾ ಅಂತೆಲ್ಲ ಕೇಳುತ್ತಾರೆ. ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಸೀಟು ಸಿಗದೇ ಹೋಗಬಹುದು ಅಂತ ಮುಚ್ಚಿಡಬೇಡಿ. ದಿನಕ್ಕೆ ಸುಮಾರು ಹತ್ತು ಗಂಟೆ ಕಣ್ಣು ಮುಚ್ಚಿ ಕೂತಾಗ ಒಳಗೆ ಹೂತುಹೋಗಿದ್ದು ಮೇಲಕ್ಕೆ ಬರುತ್ತದೆ. ಗಟ್ಟಿ ಇರುವವರೇ ಅಲುಗಾಡುತ್ತಾರೆ. ಮನಸ್ಸು ತುಂಬಾ ಕುಸಿದಿರುವಾಗ ಈ ಶಿಬಿರ ಬೇಡವೇ ಬೇಡ, ಮೊದಲು ಡಾಕ್ಟರ್. ಯಾರ ಹತ್ತಿರ ಹೋಗುವುದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅರ್ಜಿ ಹಾಕಿದ ತಕ್ಷಣ ಸೀಟು ಸಿಗುತ್ತದೆ ಅಂದುಕೊಳ್ಳಬೇಡಿ. ದಸರಾ ರಜೆ, ಬೇಸಿಗೆ ರಜೆಯ ಶಿಬಿರಗಳು ಬಹಳ ಬೇಗ ತುಂಬುತ್ತವೆ. ನನ್ನ ಹೆಸರು ವೇಟಿಂಗ್ ಲಿಸ್ಟ್‌ಗೆ ಹೋಯಿತು. ಅದು ಅಲ್ಲೇ ಉಳಿಯಿತು. ಬೇರೆ ತಾರೀಕಿಗೆ ಹಾಕಿದ ಮೇಲೆ ಸಿಕ್ಕಿತು. ಸಿಕ್ಕ ಮೇಲೂ ಒಂದು ಹಂತ ಇದೆ. ಶಿಬಿರ ಹತ್ತಿರ ಬಂದಾಗ, ಬರುತ್ತೀರಾ ಇಲ್ಲವಾ ಅಂತ ಮತ್ತೆ ಕೇಳಿ ಮೇಲ್ ಬರುತ್ತದೆ. ಅದಕ್ಕೆ ಉತ್ತರ ಕೊಡದಿದ್ದರೆ ಸೀಟು ಇನ್ನೊಬ್ಬರಿಗೆ ಹೋಗುತ್ತದೆ. ನನಗೆ ಆ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಗೆಳತಿ ಎಚ್ಚರಿಸಿದ್ದಕ್ಕೆ ನೋಡಿದೆ. ಆ ವಾರ ದಿನಾ ಒಂದು ಸಲ ಸ್ಪ್ಯಾಮ್ ತೆಗೆದು ನೋಡಿ.

ರಜೆಯದು ಬೇರೆಯೇ ಕಥೆ. ಹತ್ತು ದಿನ ಅಂದರೂ ಹೋಗುವ ದಿನ, ವಾಪಸ್ ಬರುವ ದಿನ ಸೇರಿದರೆ ಹನ್ನೆರಡು ದಿನ ಆಗುತ್ತದೆ. ಮಾರ್ಚ್‌ನಲ್ಲಿ ಲೆಕ್ಕ ಮುಗಿಸುವ ಕೆಲಸ, ಜೂನ್‌ನಲ್ಲಿ ಅಡ್ಮಿಷನ್. ಎರಡರ ಹತ್ತಿರವೂ ಸುಳಿಯುವ ಹಾಗಿಲ್ಲ. "ರಜೆ ಕೊಡಬಹುದು ಮೇಡಂ, ಆದರೆ ಫೋನೂ ಇರಲ್ಲ ಅಂದ್ರೆ ಹೇಗೆ?" ಅಂದರು ನಮ್ಮ ಮೇಲಿನವರು. ನಾನು ಬಾಕಿ ಬಿಲ್ಲು, ವೋಚರ್‌ಗಳ ಪಟ್ಟಿ ಮಾಡಿ ಪಕ್ಕದ ಟೇಬಲ್ಲಿನವರಿಗೆ ಒಪ್ಪಿಸಿದೆ. ಅಲ್ಮೇರಾ ಬೀಗದ ಕೈ ಕೊಟ್ಟೆ. ಇಷ್ಟು ಮಾಡಿಟ್ಟರೆ ಅಲ್ಲಿ ಕೂತಾಗ ಆಫೀಸು ಅರ್ಧದಷ್ಟು ಮಾತ್ರ ನೆನಪಾಗುತ್ತದೆ. ಮನೆಯವರಿಗೆ ಕೇಂದ್ರದ ಆಫೀಸ್ ನಂಬರ್ ಬರೆದುಕೊಟ್ಟೆ. ತುರ್ತು ಇದ್ದರೆ ಅಲ್ಲಿಗೆ ಮಾಡಬಹುದು.

ಅತ್ತೆ ಮಾತ್ರ ಒಪ್ಪಿರಲಿಲ್ಲ. "ಅಲ್ಲವ್ವಾ, ಮನ್ಯಾಗೆ ಸುಮ್ನೆ ಕುಂತ್ರೆ ಆಗಲ್ಲೇನು? ಅದಕ್ಕೆ ಅಷ್ಟು ದೂರ ಹೋಗಬೇಕಾ?" ಅಂದರು. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಯಜಮಾನರು, "ಹೋಗಿ ಬರಲಿ ಬಿಡವ್ವ, ಅಡುಗೆ ನಾನು ನೋಡ್ಕೋತೀನಿ" ಅಂದರು.

ಬ್ಯಾಗಿಗೆ ಹೆಚ್ಚೇನೂ ಬೇಕಿಲ್ಲ. ಆಧಾರ್ ಮತ್ತು ಅದರ ಜೆರಾಕ್ಸ್, ಸಡಿಲವಾದ ಬಟ್ಟೆ, ಒಂದು ಶಾಲು, ಟಾರ್ಚ್, ಕೊಡೆ, ನಿಮ್ಮ ಮಾತ್ರೆಗಳು. ನಸುಕಿನಲ್ಲಿ ಅಲ್ಲಿ ಚಳಿ ಇರುತ್ತದೆ, ಶಾಲು ಮರೆಯಬೇಡಿ. ಪುಸ್ತಕ, ಪೆನ್ನು, ಡೈರಿ ತಂದರೆ ಫೋನಿನ ಜೊತೆ ಅವನ್ನೂ ಒಪ್ಪಿಸಬೇಕು. ಆ ಹತ್ತು ದಿನ ಜಪ, ಪೂಜೆ, ಉಪವಾಸ ಯಾವುದೂ ಇಲ್ಲ. ಜಪಮಣಿ, ತಾಯತ ಒಳಗೆ ತರಬಾರದು ಅಂತ ನಿಯಮವಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವವರು, ದಿನಾ ಸಂಧ್ಯಾವಂದನೆ ಮಾಡುವವರು, ನಮಾಜ್ ಮಾಡುವವರು ಇದನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಹೋದ ಮೇಲೆ ಬಾಗಿಲಲ್ಲಿ ನಿಂತು ಚರ್ಚೆ ಮಾಡಿದರೆ ಇಬ್ಬರಿಗೂ ಬೇಸರ.

ದಾವಣಗೆರೆ ಕಡೆಯಿಂದ ಹೋಗುವವರು ಮೆಜೆಸ್ಟಿಕ್‌ವರೆಗೆ ಹೋಗಬೇಕಾಗಿಲ್ಲ. ಕೇಂದ್ರ ಇರುವುದು ತುಮಕೂರು ರಸ್ತೆಯ ಕಡೆಗೇ. ನಾನು ನೆಲಮಂಗಲದಲ್ಲಿ ಇಳಿದು ಆಟೋ ಹಿಡಿದೆ. ಬೆಂಗಳೂರಿನ ಒಳಗಿಂದ ಬರುವವರಿಗೆ ಈಗ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೆ ಇದೆ. 2024ರ ನವೆಂಬರ್‌ನಲ್ಲಿ ಶುರುವಾಯಿತು. ಅಲ್ಲಿಂದ ಆಟೋ. ದರ ಮೊದಲೇ ಮಾತಾಡಿಕೊಳ್ಳಿ, ಒಳಗಿನ ದಾರಿ ಅಂತ ಜಾಸ್ತಿ ಕೇಳುತ್ತಾರೆ. ಖರ್ಚು ಅಂದರೆ ಇಷ್ಟೇ, ಬಸ್ಸು ಮತ್ತು ಆಟೋ. ಊಟ, ವಸತಿ, ಕಲಿಸುವುದು ಯಾವುದಕ್ಕೂ ಶುಲ್ಕವಿಲ್ಲ. ಹಿಂದಿನ ಶಿಬಿರ ಮುಗಿಸಿದವರು ಕೊಟ್ಟ ದಾನದಲ್ಲಿ ಮುಂದಿನವರ ಶಿಬಿರ ನಡೆಯುತ್ತದೆ. ಒಂದು ಶಿಬಿರ ಮುಗಿಸದವರಿಂದ ದಾನವನ್ನೂ ತಗೊಳ್ಳುವುದಿಲ್ಲ.

ದಿನಚರಿ ಹೀಗಿರುತ್ತದೆ. ನಾಲ್ಕಕ್ಕೆ ಗಂಟೆ. ನಾಲ್ಕೂವರೆಯಿಂದ ಆರೂವರೆ ಧ್ಯಾನ, ಆಮೇಲೆ ತಿಂಡಿ. ಹನ್ನೊಂದಕ್ಕೆ ಊಟ. ಸಂಜೆ ಐದಕ್ಕೆ ಟೀ. ರಾತ್ರಿ ಊಟ ಇಲ್ಲ. ಏಳಕ್ಕೆ ಗೋಯೆಂಕಾ ಅವರ ರೆಕಾರ್ಡ್ ಮಾಡಿದ ಪ್ರವಚನ, ಒಂಬತ್ತೂವರೆಗೆ ದೀಪ ಆರುತ್ತದೆ. ಸಂಜೆಯ ಟೀ ಜೊತೆ ಹೊಸಬರಿಗೆ ಮಂಡಕ್ಕಿ ಇತ್ತು. ಮಿರ್ಚಿ ಇಲ್ಲದ, ಖಾರ ಇಲ್ಲದ ಮಂಡಕ್ಕಿ ದಾವಣಗೆರೆಯವಳಿಗೆ ಹೊಸದು. ಆದರೆ ಆ ಹೊತ್ತಿಗೆ ಆಗುವ ಹಸಿವಿಗೆ ಒಂದೊಂದು ಕಾಳೂ ರುಚಿ. ನಿಧಾನವಾಗಿ ಅಗಿಯುವುದನ್ನು ನಾನು ಅಲ್ಲಿ ಕಲಿತೆ.

ಮೊದಲ ಮೂರೂವರೆ ದಿನ ಆನಾಪಾನ. ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬರುವುದನ್ನು, ಹೋಗುವುದನ್ನು ಗಮನಿಸುವುದು. ಉಸಿರನ್ನು ಬದಲಾಯಿಸಬಾರದು. ಮಂತ್ರ ಇಲ್ಲ, ಎಣಿಕೆ ಇಲ್ಲ, ಮೂರ್ತಿ ಇಲ್ಲ. ಕೇಳಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಕೂತು ನೋಡಿದರೆ ಮೂರನೇ ಉಸಿರಿಗೆ ಮನಸ್ಸು ಕಾಲೇಜಿನ ಫೀಸು ಬಾಕಿಯ ಹತ್ತಿರ ಹೋಗಿರುತ್ತದೆ. ಎರಡನೇ ದಿನ ಮಧ್ಯಾಹ್ನ ನನಗೆ ಅಳು ಬಂತು. ಅಪ್ಪ ಕೊನೆಯ ವಾರ ಎಳನೀರು ಕೇಳಿದ್ದು, ಡಾಕ್ಟರ್ ಬೇಡ ಅಂದಿದ್ದು, ಅದೊಂದೇ ಮತ್ತೆ ಮತ್ತೆ. ಧ್ಯಾನದ ಹಾಲ್‌ನಲ್ಲಿ ಅಷ್ಟು ಜನರ ನಡುವೆ ಕಣ್ಣೀರು ಸುರಿಯಿತು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಸಮಾಧಾನ ಮಾಡಲಿಲ್ಲ. ಮೊದಲು ಅದು ಕಠಿಣ ಅನ್ನಿಸಿತು. ಆಮೇಲೆ ತಿಳಿಯಿತು, ನಾನು ಅಪ್ಪನಿಗಾಗಿ ಯಾರ ಅಡ್ಡಿಯೂ ಇಲ್ಲದೆ ಅತ್ತಿದ್ದು ಅದೇ ಮೊದಲು. ಮಣ್ಣು ಮಾಡಿದ ದಿನದಿಂದಲೂ ಬಂದವರಿಗೆ ಟೀ ಮಾಡುವುದರಲ್ಲೇ ಇದ್ದೆ.

ನಾಲ್ಕನೇ ದಿನ ವಿಪಶ್ಯನ ಹೇಳಿಕೊಡುತ್ತಾರೆ. ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏನಾಗುತ್ತಿದೆ ಅಂತ ಭಾಗ ಭಾಗವಾಗಿ ಗಮನಿಸುವುದು. ಜೊತೆಗೆ ಅಧಿಷ್ಠಾನ, ಅಂದರೆ ದಿನಕ್ಕೆ ಮೂರು ಸಲ, ಒಂದು ಗಂಟೆ ಕಣ್ಣು, ಕೈ, ಕಾಲು ಬಿಚ್ಚದೆ ಕೂರಲು ಪ್ರಯತ್ನಿಸುವುದು. ಮಂಡಿ ನೋವಿನ ವಿಷಯ ಇಲ್ಲೇ ಬರುತ್ತದೆ. ಅರ್ಧ ಗಂಟೆಗೆ ಎಡ ಮಂಡಿಯಲ್ಲಿ ಉರಿ ಶುರು. ನಲವತ್ತು ನಿಮಿಷಕ್ಕೆ ಕಾಲೇ ನೋವು, ನೋವೇ ಕಾಲು. ನಾನು ಹಲ್ಲು ಕಚ್ಚಿದ್ದೆ. ಹೇಳಿಕೊಟ್ಟ ಹಾಗೆ ಒಂದು ಸಲ ಆ ನೋವಿನ ಒಳಗೇ ಗಮನ ಇಟ್ಟೆ. ಅದು ಒಂದೇ ಗಟ್ಟಿ ಗಂಟಾಗಿರಲಿಲ್ಲ. ಮಧ್ಯದಲ್ಲಿ ಬಿಸಿ, ಅಂಚಿನಲ್ಲಿ ಸೆಳೆತ, ಹಿಂಬದಿಯಲ್ಲಿ ಜುಮ್ಮೆನ್ನುವುದು. ಒಂದು ಏರುವಾಗ ಇನ್ನೊಂದು ಇಳಿಯುತ್ತಿತ್ತು. ಅದನ್ನು ನೋಡುತ್ತಿದ್ದಾಗ ದವಡೆ ತಾನಾಗಿ ಸಡಿಲವಾಯಿತು. ನೋವು ಇತ್ತು, ಅದರ ಜೊತೆಗಿದ್ದ ಜಗಳ ಹೋಗಿತ್ತು. ಇಡೀ ಶಿಬಿರದಲ್ಲಿ ನನಗೆ ಸಿಕ್ಕಿದ್ದು ಇದು. ಇದನ್ನು ಮನೆಗೆ ತಂದೆ.

ಇಲ್ಲೊಂದು ಕಿವಿಮಾತು. ಮಂಡಿ ಸವೆದವರು, ಬೆನ್ನಿನ ತೊಂದರೆ ಇರುವವರು ಕುರ್ಚಿ ಕೇಳಿ. ಕೊಡುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಶಿಬಿರ ನಡೆಸಿಕೊಡುವ ಸಹಾಯಕ ಆಚಾರ್ಯರನ್ನು ಭೇಟಿ ಮಾಡಬಹುದು. ಮೌನ ಇರುವುದು ಸಾಧಕರ ನಡುವೆ. ಆಚಾರ್ಯರ ಹತ್ತಿರ, ವ್ಯವಸ್ಥೆ ನೋಡುವವರ ಹತ್ತಿರ ಮಾತಾಡಬಹುದು. ತುಂಬಾ ಜನ ಇದು ಗೊತ್ತಿಲ್ಲದೆ ಸುಮ್ನೆ ಒದ್ದಾಡುತ್ತಾರೆ.

ರಾತ್ರಿಯ ಪ್ರವಚನದಲ್ಲಿ ಗೋಯೆಂಕಾ ತಮ್ಮ ಗುರು ಸಯಾಜಿ ಊ ಬಾ ಖಿನ್ ಅವರ ವಿಷಯ ಹೇಳುತ್ತಾರೆ. ನನಗೆ ಬಹಳ ಹಿಡಿಸಿದ ಭಾಗ ಅದು. ಊ ಬಾ ಖಿನ್ ಸನ್ಯಾಸಿಯಲ್ಲ. ಸಂಸಾರಸ್ಥರು, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. 1948ರಲ್ಲಿ ಬರ್ಮಾ ಸ್ವತಂತ್ರವಾದಾಗ ಆ ಹುದ್ದೆಗೆ ಬಂದವರು. ಹಗಲಲ್ಲಿ ಸರ್ಕಾರದ ಲೆಕ್ಕ ನೋಡುತ್ತಾ, ತಮ್ಮ ಆಫೀಸಿನ ನೌಕರರಿಗೇ ಧ್ಯಾನ ಕಲಿಸಿದರು. ಅವರಿಗೆ ಕಲಿಸಿದ ಸಯಾ ತೆಟ್ ಜೀ ಒಬ್ಬ ರೈತ. ಗೋಯೆಂಕಾ ಸ್ವತಃ ವ್ಯಾಪಾರಿ. ಮೈಗ್ರೇನ್ ತಲೆನೋವು ತಾಳಲಾರದೆ 1955ರಲ್ಲಿ ಗುರುಗಳ ಹತ್ತಿರ ಹೋದರು. ಬರೀ ತಲೆನೋವು ವಾಸಿ ಮಾಡಿಕೊಳ್ಳಲು ಆದರೆ ಇದು ಬೇಡ ಅಂತ ಗುರುಗಳು ಮೊದಲು ಒಪ್ಪಿರಲಿಲ್ಲ. 1969ರಲ್ಲಿ ಗೋಯೆಂಕಾ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ವೋಚರ್ ನೋಡುವ ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿರಲಿಲ್ಲ. ಮನೆ, ಆಫೀಸು ಬಿಟ್ಟು ಹೋಗದೆ ಇದನ್ನು ಮಾಡಿದವರೇ ಇದನ್ನು ನಮ್ಮ ತನಕ ತಂದಿದ್ದಾರೆ.

ಹತ್ತನೇ ದಿನ ಬೆಳಿಗ್ಗೆ ಮೈತ್ರಿ ಧ್ಯಾನ, ಅಂದರೆ ಎಲ್ಲರಿಗೂ ಒಳ್ಳೆಯದಾಗಲಿ ಅಂತ ಹಾರೈಸುವುದನ್ನು ಕಲಿಸಿ ಮೌನ ಬಿಡಿಸುತ್ತಾರೆ. ಆಮೇಲೆ ಒಂದೇ ಗಲಾಟೆ. ದಾನ ಕೊಡುವವರು ಆಗ ಕೊಡಬಹುದು, ಎಷ್ಟು ಅಂತ ಯಾರೂ ಕೇಳಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಹೊರಡುವುದು. ಬಸ್ಸು ಹತ್ತಿದ ಮೇಲೆ ಫೋನ್ ಆನ್ ಮಾಡಿದೆ. ಬಂದು ಬಿದ್ದ ಮೆಸೇಜ್‌ಗಳನ್ನು ನೋಡಿ ತಲೆ ತಿರುಗಿತು. ಹೋಗುವವರಿಗೆ ಹೇಳುವುದೇನೆಂದರೆ, ಮರುದಿನವೇ ಡ್ಯೂಟಿಗೆ ಹೋಗಬೇಡಿ. ಒಂದು ದಿನ ಮನೆಯಲ್ಲಿ ಇಟ್ಟುಕೊಳ್ಳಿ. ಸಣ್ಣ ಸದ್ದೂ ಜೋರಾಗಿ ಕೇಳುತ್ತದೆ, ಮಾತು ಬೇಗ ಸುಸ್ತು ಮಾಡುತ್ತದೆ.

ಇನ್ನು ಮನೆಯ ವಿಷಯ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಅಂತ ಹೇಳಿ ಕಳಿಸುತ್ತಾರೆ. ಮೊದಲ ಕೆಲವು ವಾರ ಹಾಗೇ ನಡೆಯಿತು. ಆಮೇಲೆ ಮಗನ ಪಿಯುಸಿ ಪರೀಕ್ಷೆ, ತವರಿನಲ್ಲಿ ಮದುವೆ, ಆಫೀಸಿನಲ್ಲಿ ಆಡಿಟ್. ಸಂಜೆ ಕೂತರೆ ತೂಕಡಿಕೆ. ಬೆಳಿಗ್ಗೆ ಕೂತರೆ ನಲ್ಲಿ ನೀರು ಬರುವ ದಿನ. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗ ಸಂಪು, ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಸಿಕೊಳ್ಳಬೇಕು. ಕಣ್ಣು ಮುಚ್ಚಿ ಕೂತವಳಿಗೆ ಪೈಪಿನ ಸದ್ದು ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ತಪ್ಪಿದರೆ ಇಡೀ ದಿನ ಬೇಸರ, ಆ ಬೇಸರಕ್ಕೆ ಮನೆಯವರ ಮೇಲೆ ಸಿಟ್ಟು. ನೆಮ್ಮದಿಗೆ ಅಂತ ಕಲಿತಿದ್ದು ಮನೆಯಲ್ಲಿ ಒಂದು ಜಗಳದ ವಸ್ತುವಾಯಿತು.

ದಾರಿ ತೋರಿಸಿದ್ದು ಅತ್ತೆ. ಅವರು ಮದುವೆಯಾಗಿ ಬಂದಾಗಿನಿಂದ ದಿನಾ ಲಿಂಗಪೂಜೆ ಮಾಡುತ್ತಾರೆ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾ ಕೂರುತ್ತಾರೆ. ಇಷ್ಟು ವರ್ಷ ಅದನ್ನು ಪೂಜೆ ಅಂತ ನೋಡಿದ್ದೆ, ಧ್ಯಾನ ಅಂತ ನೋಡಿರಲಿಲ್ಲ. ಈಗ ಗಮನಿಸಿದೆ. ನೀರು ಬಂದ ದಿನ ಮೊದಲು ನೀರು ಹಿಡಿಯುತ್ತಾರೆ, ಆಮೇಲೆ ಪೂಜೆ. ಪುರುಸೊತ್ತಿದ್ದ ದಿನ ಹೆಚ್ಚು ಹೊತ್ತು, ಇಲ್ಲದ ದಿನ ನಾಲ್ಕು ನಿಮಿಷ. ಮದುವೆ ಮನೆಗೆ ಹೋದರೆ ಕಲ್ಯಾಣ ಮಂಟಪದ ರೂಮಿನಲ್ಲಿ, ಹತ್ತು ಜನ ಸೀರೆ ಉಡುತ್ತಿರುವ ಗದ್ದಲದಲ್ಲೇ ಮೂಲೆಯಲ್ಲಿ ಕೂತು ಮುಗಿಸುತ್ತಾರೆ. ಯಾರಿಗೂ ಸದ್ದು ಮಾಡಬೇಡಿ ಅನ್ನುವುದಿಲ್ಲ. ಎದ್ದ ಮೇಲೆ ಇವತ್ತು ಮನಸ್ಸು ನಿಂತಿತು, ನಿಲ್ಲಲಿಲ್ಲ ಅಂತ ಲೆಕ್ಕ ಹಾಕುವುದಿಲ್ಲ. ನೇರ ಅಡುಗೆ ಮನೆಗೆ ಬಂದು ರೊಟ್ಟಿ ಹಿಟ್ಟು ಕಲಸುತ್ತಾರೆ.

ನಾನು ಕೇಳಿದೆ, "ಅತ್ತೀ, ಮನಸ್ಸು ಎಲ್ಲೆಲ್ಲೋ ಹೋದ್ರೆ ಏನ್ ಮಾಡ್ತೀರಿ?" ಅವರು, "ಹೋಗ್ತತಿ, ಬರ್ತತಿ. ನಾ ಕುಂತಿರ್ತೀನಿ" ಅಂದರು.

ಅಲ್ಲಿಂದ ನಾನು ವ್ಯವಸ್ಥೆ ಬದಲಾಯಿಸಿದೆ. ಬೆಳಿಗ್ಗೆ ಅತ್ತೆ ಕೂರುವ ಹೊತ್ತಿಗೇ ನಾನೂ ಪಕ್ಕದಲ್ಲಿ ಕೂರುತ್ತೇನೆ. ಅವರದು ಅವರಿಗೆ, ನನ್ನದು ನನಗೆ. ಗಡಿಯಾರ ಎದುರಿಗೆ ಇಲ್ಲ. ಮಗನಿಗೆ ಹೇಳಿದ್ದೇನೆ, ಏನಾದರೂ ಬೇಕಾದರೆ ಕರಿ, ಬರುತ್ತೇನೆ ಅಂತ. ಹಾಗೆ ಹೇಳಿದ ಮೇಲೆ ಅವನು ಕರೆಯುವುದು ಕಡಿಮೆಯಾಗಿದೆ. ನೀರಿನ ದಿನ ಬೆಳಿಗ್ಗೆ ಬಿಟ್ಟು ರಾತ್ರಿ ಪಾತ್ರೆ ತೊಳೆದ ಮೇಲೆ ಕೂರುತ್ತೇನೆ. ನೆಲದ ಮೇಲೆ ಮಡಚಿದ ಕಂಬಳಿ, ಮಂಡಿ ಹೇಳಿದ ದಿನ ಪ್ಲಾಸ್ಟಿಕ್ ಕುರ್ಚಿ. ದುಡ್ಡು ಕೊಟ್ಟು ಬೇರೆ ಏನೂ ತಂದಿಲ್ಲ, ತರಬೇಕಾಗಿಯೂ ಇಲ್ಲ. ಮೊದಲ ಹತ್ತು ನಿಮಿಷ ಬರೀ ಉಸಿರು. ಮನಸ್ಸು ಸ್ವಲ್ಪ ತಳ ಹಿಡಿದರೆ ಮೈ ಕಡೆಗೆ ಹೋಗುತ್ತೇನೆ, ಇಲ್ಲದಿದ್ದರೆ ಉಸಿರಲ್ಲೇ ಇರುತ್ತೇನೆ.

ಕೂರುವುದರ ಆಚೆಗೂ ಇದಕ್ಕೆ ಜಾಗ ಇದೆ. ರಾತ್ರಿ ಮಲಗಿದ ಮೇಲೆ ಐದು ನಿಮಿಷ, ಎದ್ದ ಮೇಲೆ ಐದು ನಿಮಿಷ ಹಾಸಿಗೆಯಲ್ಲೇ ಗಮನಿಸಿ ಅಂತ ಶಿಬಿರದಲ್ಲೇ ಹೇಳುತ್ತಾರೆ. ನಿದ್ದೆ ಕೆಟ್ಟವರಿಗೆ ಇದು ದೊಡ್ಡ ಉಪಕಾರ. ಈಗಲೂ ಎಷ್ಟೋ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಮೊದಲು ಆ ಹೊತ್ತಿಗೆ ಫೋನ್ ಹಿಡಿಯುತ್ತಿದ್ದೆ. ಈಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿರುತ್ತೇನೆ. ಅಪ್ಪ ನೆನಪಾದರೆ ಎದೆಯಲ್ಲಿ ಏನಾಗುತ್ತದೆ ಅಂತ ನೋಡುತ್ತೇನೆ. ಭಾರ ಬರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಹೋಗುತ್ತದೆ. ಸಾಮಾನ್ಯವಾಗಿ ಅದು ಹೋಗುವುದರೊಳಗೆ ನಿದ್ದೆ ಹತ್ತಿರುತ್ತದೆ. ಹತ್ತದ ದಿನವೂ ಇದೆ. ಆ ದಿನ ಬೆಳಿಗ್ಗೆ ಮೊದಲಿನಷ್ಟು ಸುಸ್ತಿರುವುದಿಲ್ಲ. ಆಫೀಸಿನಲ್ಲಿ ಫೀಸು ಕೌಂಟರಿನ ಮುಂದೆ ಯಾರಾದರೂ ಜೋರು ಮಾಡಿದರೆ ದವಡೆ ಬಿಗಿಯಾಗುವುದು ನನಗೆ ಮೊದಲೇ ಗೊತ್ತಾಗುತ್ತದೆ. ಗೊತ್ತಾದರೆ ಸಾಕು, ಮಾತು ಬೇರೆ ಥರ ಬರುತ್ತದೆ. ಸಿಟ್ಟು ಪೂರ್ತಿ ಹೋಗಿದೆ ಅಂತ ನಾನು ಹೇಳಲಾರೆ. ಬೇಗ ಇಳಿಯುತ್ತದೆ ಅಂತ ನಮ್ಮ ಮನೆಯವರೇ ಹೇಳುತ್ತಾರೆ.

ಒಂದು ಶಿಬಿರ ಮುಗಿಸಿದವರಿಗೆ ಒಂದು ದಿನದ ಶಿಬಿರಗಳು ಇರುತ್ತವೆ. ಅಭ್ಯಾಸ ಸಡಿಲವಾಯಿತು ಅನ್ನಿಸಿದರೆ ಹೋಗಿ ಬನ್ನಿ. ಅಲ್ಲಿ ನಾನು ದಿನಕ್ಕೆ ಎರಡು ಗಂಟೆ ಕೂರುವ ವಿಷಯ ಆಚಾರ್ಯರನ್ನು ಕೇಳಿದೆ. ಎರಡು ಗಂಟೆ ಅನ್ನುವುದನ್ನು ಬಿಡಬೇಡಿ, ಅಲ್ಲಿಗೆ ಮುಟ್ಟದ ದಿನ ಆದಷ್ಟು ಕೂರಿ, ಆದರೆ ದಿನ ತಪ್ಪಿಸಬೇಡಿ ಅಂತ ಹೇಳಿದರು. ನಮ್ಮ ಅತ್ತೆ ಮಾಡುವುದೂ ಅದೇ ಅಲ್ವಾ ಅಂತ ನನಗೆ ಸಮಾಧಾನವಾಯಿತು.

ಈಗ ಯಜಮಾನರು ಅರ್ಜಿ ಹಾಕಿದ್ದಾರೆ. ವೇಟಿಂಗ್ ಲಿಸ್ಟ್‌ನಲ್ಲಿದ್ದಾರೆ. ಬಿಪಿ ಮಾತ್ರೆಯ ಹೆಸರು, ಡೋಸ್ ಸಮೇತ ಬರೆದಿದ್ದಾರೆ. ಮಂಡಿ ನೋವಿದೆ, ಕುರ್ಚಿ ಬೇಕು ಅಂತಲೂ ಅರ್ಜಿಯಲ್ಲೇ ಸೇರಿಸಿದ್ದಾರೆ. ನೀವೂ ಹಾಗೇ ಮಾಡಿ. ಎರಡು ಮೂರು ತಾರೀಕು ಮನಸ್ಸಿನಲ್ಲಿಟ್ಟುಕೊಂಡೇ ರಜೆಗೆ ಕೇಳಿ.